ಫೋಟೋ ಕಳಿಸಿದ ಮೇಲೂ ಪ್ರಶ್ನೆ ಯಾಕೆ?

ಸಿರುಗುಪ್ಪ ತಾಲ್ಲೂಕಿನ ಕರೂರು ಸುತ್ತಿನ ಭತ್ತದ ಗದ್ದೆಗಳಿಂದ ಬೆಳೆ ಸಲಹೆ ಕೇಳಿ ವಾಟ್ಸ್‌ಆ್ಯಪ್‌ನಲ್ಲಿ ಹೋಗುವ ಸಂದೇಶಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಹಳದಿಗೆ ತಿರುಗಿದ ಎಲೆಯ ಒಂದು ಫೋಟೋ, ಕೆಳಗೆ ‘ಯಾವ ಎಣ್ಣಿ ಹೊಡೀಬೇಕ್ರಿ ಸಾರ್?’ ಎಂಬ ಒಂದು ಸಾಲು. ಆ ಕಡೆಯಿಂದ ‘ಯಾವ ತಳಿ? ನಾಟಿಯಾಗಿ ಎಷ್ಟು ದಿನ? ಯೂರಿಯಾ ಎಷ್ಟು ಹಾಕಿದ್ದೀರಿ?’ ಎಂದು ಬಂತೋ, ಮಾತು ಅಲ್ಲಿಗೇ ನಿಲ್ಲುತ್ತದೆ. ನೀಲಿ ಗುರುತು ಬಿದ್ದಿರುತ್ತದೆ, ಉತ್ತರ ಮಾತ್ರ ಇಲ್ಲ. ಅಷ್ಟರಲ್ಲಿ ಗೊಬ್ಬರದಂಗಡಿಯಿಂದ ಬಾಟಲಿ ಬಂದು, ಗದ್ದೆಗೆ ಹೊಡೆದೂ ಆಗಿರುತ್ತದೆ. ಈ ಮೌನದ ಬಗ್ಗೆ ಕೇಳುವವರಲ್ಲೂ ಹೇಳುವವರಲ್ಲೂ ತಪ್ಪು ತಿಳಿವಳಿಕೆಗಳಿವೆ.

ತಪ್ಪು ಕಲ್ಪನೆ: ಬಲ್ಲವರಾದರೆ ಫೋಟೋ ನೋಡಿಯೇ ಹೇಳಬೇಕು

ಸತ್ಯ: ಭತ್ತದ ಎಲೆ ಹಳದಿಯಾಗಲು ಹತ್ತಾರು ಕಾರಣಗಳಿವೆ. ಸಾರಜನಕ ಸಾಲದಿದ್ದರೆ ಕೆಳಗಿನ ಹಳೆಯ ಎಲೆ ಮೊದಲು ಹಳದಿಯಾಗುತ್ತದೆ. ಗಂಧಕ ಅಥವಾ ಕಬ್ಬಿಣದ ಕೊರತೆಯಾದರೆ ಮೇಲಿನ ಎಳೆಯ ಎಲೆ. ನಾಟಿಯಾದ ಎರಡು-ಮೂರು ವಾರಕ್ಕೆ ಕೆಳಗಿನ ಎಲೆಗಳಲ್ಲಿ ತುಕ್ಕಿನ ಬಣ್ಣದ ಚುಕ್ಕೆ ಬಿದ್ದು ಪೈರು ಏರುಪೇರಾಗಿ ಕುಳ್ಳಾದರೆ ಸತುವಿನ ಕೊರತೆ ಇರಬಹುದು. ಉತ್ತರ ಭಾರತದಲ್ಲಿ ಇದಕ್ಕೆ ‘ಖೈರಾ ರೋಗ’ ಎನ್ನುತ್ತಾರೆ. ಅದು ರೋಗವಲ್ಲ, ಸತುವಿನ ಕೊರತೆ ಎಂದು 1966ರಲ್ಲಿ ತೋರಿಸಿಕೊಟ್ಟವರು ಪಂತನಗರದ ವಿಜ್ಞಾನಿ ವೈ. ಎಲ್. ನೆನೆ. ಅಂಥ ಗದ್ದೆಗೆ ಎಷ್ಟು ಎಣ್ಣೆ ಹೊಡೆದರೂ ದುಡ್ಡು ಹೋಗುತ್ತದೆಯೇ ಹೊರತು ಪೈರು ಏಳುವುದಿಲ್ಲ.

ಎಲೆಯ ತುದಿಯಿಂದ ಅಂಚಿನುದ್ದಕ್ಕೂ ಅಲೆಅಲೆಯಾಗಿ ಒಣಗುತ್ತ ಬಂದರೆ ದುಂಡಾಣು ಎಲೆ ಅಂಗಮಾರಿಯ ಅನುಮಾನ. ಅದನ್ನು ಗದ್ದೆಯಲ್ಲೇ ಪರೀಕ್ಷಿಸಬಹುದು. ರೋಗ ಬಿದ್ದ ಎಲೆಯನ್ನು ಕತ್ತರಿಸಿ, ಕತ್ತರಿಸಿದ ತುದಿಯನ್ನು ಗಾಜಿನ ಲೋಟದ ತಿಳಿನೀರಿಗೆ ಇಳಿಬಿಟ್ಟು ಕೆಲವು ನಿಮಿಷ ಅಲುಗಾಡಿಸದೆ ಹಿಡಿಯಿರಿ. ಹಾಲಿನಂಥ ಎಳೆ ನೀರಿಗೆ ಇಳಿಯತೊಡಗಿದರೆ ಅದು ದುಂಡಾಣು. ಗದ್ದೆಯ ನಡುವೆ ವೃತ್ತಾಕಾರದಲ್ಲಿ ಸುಟ್ಟಂತೆ ಕಂಡರೆ ಬುಡ ಬಿಡಿಸಿ ತಟ್ಟಿ ನೋಡಬೇಕು. ಕಂದು ಜಿಗಿಹುಳುಗಳಿದ್ದರೆ ನೀರಿನ ಮೇಲೆ ಬೀಳುತ್ತವೆ. ಕಾಲುವೆ ನೀರು ನಿಂತು ಉಪ್ಪೇರಿದ ಎರೆಭೂಮಿಯಲ್ಲಂತೂ ಎಲೆ ತುದಿ ಬಿಳಿಚಿಕೊಳ್ಳಲು ಹುಳುವೂ ಬೇಡ, ರೋಗವೂ ಬೇಡ. ಒಂದೇ ಎಲೆಯನ್ನು ಹತ್ತಿರದಿಂದ ತೆಗೆದ ಫೋಟೋದಲ್ಲಿ ಬುಡವಾಗಲಿ, ಮಣ್ಣಾಗಲಿ, ಪೈರಿನ ವಯಸ್ಸಾಗಲಿ ಕಾಣುವುದಿಲ್ಲ.

ತಪ್ಪು ಕಲ್ಪನೆ: ಗೊತ್ತಿಲ್ಲದವರೇ ಪ್ರಶ್ನೆ ಕೇಳುತ್ತಾರೆ, ಅಂಗಡಿಯವರು ಕೇಳದೆಯೇ ಕೊಡುತ್ತಾರೆ

ಸತ್ಯ: ಅಂಗಡಿಯವರಿಗೆ ಕೇಳುವ ಅಗತ್ಯವೇ ಬೀಳುವುದಿಲ್ಲ. ಬೀಜ ಕೊಟ್ಟವರು ಅವರು, ಯೂರಿಯಾ ಉದ್ರಿ ಕೊಟ್ಟವರೂ ಅವರೇ. ನಿಮ್ಮ ಗದ್ದೆಯ ವಿವರವೆಲ್ಲ ಅವರ ಲೆಕ್ಕದ ಪುಸ್ತಕದಲ್ಲಿದೆ. ದೂರದಲ್ಲಿ ಕೂತು ಸಲಹೆ ಕೊಡುವ ಕೃಷಿ ಪದವೀಧರರಿಗೆ ಆ ಪುಸ್ತಕ ಕಾಣುವುದಿಲ್ಲ, ಅದಕ್ಕೇ ಕೇಳುತ್ತಾರೆ. ಆದರೆ ಅಂಗಡಿಯವರು ಕೊಡಬಹುದಾದ ಉತ್ತರ ಅವರ ಕಪಾಟಿನಲ್ಲಿರುವ ಬಾಟಲಿಯಷ್ಟೇ. ಜಿಗಿಹುಳು ಬಿದ್ದ ಗದ್ದೆಗೆ ‘ಏನೂ ಹೊಡೀಬ್ಯಾಡ್ರಿ, ಯೂರಿಯಾ ನಿಲ್ಲಿಸ್ರಿ, ನೀರು ಬಸೀರಿ’ ಎಂಬ ಸಲಹೆಯಿಂದ ಅವರಿಗೆ ವ್ಯಾಪಾರವಿಲ್ಲ. ಅದೇ ಗದ್ದೆಗೆ ಸೈಪರ್‌ಮೆಥ್ರಿನ್‌ನಂಥದ್ದನ್ನು ಹೊಡೆದರೆ ಹುಳು ತಿನ್ನುವ ಜೇಡಗಳು ಸತ್ತು, ಜಿಗಿಹುಳು ಮೊದಲಿಗಿಂತ ಹೆಚ್ಚಾಗುವುದುಂಟು.

ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವು ಕ್ಷೇತ್ರ ಸಿಬ್ಬಂದಿಗಾಗಿ ರೂಪಿಸಿದ ‘ಇ-ಸ್ಯಾಪ್’ ವ್ಯವಸ್ಥೆ ಕೂಡ ಲಕ್ಷಣಗಳನ್ನು ಹಂತಹಂತವಾಗಿ ಕೇಳಿಕೊಂಡೇ ಕೀಟ, ರೋಗ ಗುರುತಿಸುವ ಕಡೆಗೆ ಹೋಗುತ್ತದೆ. ಯಂತ್ರಕ್ಕೂ ವಿವರ ಬೇಕು.

ತಪ್ಪು ಕಲ್ಪನೆ: ವಿವರ ಕೊಡದ ರೈತರಿಗೆ ಆಸಕ್ತಿಯಿಲ್ಲ, ತಾಳ್ಮೆಯಿಲ್ಲ

ಸತ್ಯ: ಇದು ಸಲಹೆ ಕೊಡುವವರ ತಪ್ಪು ಕಲ್ಪನೆ. ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುತ್ತಿರುವುದೂ ಇದೇ. ಪ್ರಶ್ನೆ ತಲುಪುವ ಹೊತ್ತಿಗೆ ರೈತರು ಗದ್ದೆಯಿಂದ ಮನೆಗೆ ಬಂದಿರುತ್ತಾರೆ. ಹಳೆಯ ಎಲೆ ಹಳದಿಯೋ ಎಳೆಯದೋ ಎಂದು ನೋಡಲು ಮತ್ತೆ ಹೋಗಬೇಕು. ಗುತ್ತಿಗೆಗೆ ಹಿಡಿದ ಹೊಲವಾದರೆ ಹಿಂದಿನ ಬೆಳೆಗೆ ಏನು ಹಾಕಿದ್ದರೋ ಗೊತ್ತಿರುವುದಿಲ್ಲ. ಹೊಡೆದ ಎಣ್ಣೆಯ ಹೆಸರು ಬಾಟಲಿಯ ಜೊತೆಗೇ ಹೋಗಿರುತ್ತದೆ. ಐದಾರು ಪ್ರಶ್ನೆಗಳಿಗೆ ಮೊಬೈಲಿನಲ್ಲಿ ಕನ್ನಡ ಟೈಪ್ ಮಾಡುವುದು ಎಲ್ಲರಿಗೂ ಆಗುವ ಕೆಲಸವಲ್ಲ.

ಇದಕ್ಕಿಂತ ಆಳವಾದ ಕಾರಣವೊಂದಿದೆ. ‘ಯೂರಿಯಾ ಎಷ್ಟು ಹಾಕಿದ್ರಿ?’ ಎಂಬುದು ಕೇಳಿದವರಿಗೆ ಬರಿಯ ಮಾಹಿತಿ. ಸಾಲ ಮಾಡಿ ಬೆಳೆ ಇಟ್ಟವರ ಕಿವಿಗೆ ಅದು ‘ತಪ್ಪು ನಿಮ್ಮದೇ’ ಎಂದಂತೆ ಕೇಳಿಸುತ್ತದೆ. ಶಿಫಾರಸಿಗಿಂತ ಹೆಚ್ಚು ಹಾಕಿದ್ದು ಅವರಿಗೂ ಗೊತ್ತು. ನಾಲ್ಕು ಜನರಿರುವ ಗುಂಪಿನಲ್ಲಿ ಅದನ್ನು ಒಪ್ಪಿಕೊಂಡು ಬೈಸಿಕೊಳ್ಳುವುದಕ್ಕಿಂತ ಸುಮ್ಮನಿರುವುದೇ ಲೇಸು ಅನ್ನಿಸುತ್ತದೆ. ಆದ್ದರಿಂದ ಸಲಹೆ ಕೊಡುವವರು ಒಮ್ಮೆಗೆ ಒಂದೇ ಪ್ರಶ್ನೆ ಕೇಳಲಿ, ಯಾಕೆ ಕೇಳುತ್ತಿದ್ದೇವೆ ಎಂಬುದನ್ನೂ ಜೊತೆಗೇ ಹೇಳಲಿ. ‘ನಾಟಿಯಾಗಿ ಎಷ್ಟು ದಿನ ಹೇಳ್ರಿ, ಎರಡು-ಮೂರು ವಾರ ಆಗಿದ್ರ ಜಿಂಕ್ ಕಮ್ಮಿ ಇರಬಹುದು’ ಎಂದರೆ ಉತ್ತರ ಬರುವ ಸಾಧ್ಯತೆ ಹೆಚ್ಚು. ಟೈಪ್ ಮಾಡಿಸುವ ಬದಲು ಧ್ವನಿ ಸಂದೇಶ ಕೇಳಿದರೆ ಇನ್ನೂ ಒಳ್ಳೆಯದು.

ತಪ್ಪು ಕಲ್ಪನೆ: ವಿವರ ಕೇಳುವವರೆಲ್ಲ ಮೋಸಗಾರರು

ಸತ್ಯ: ಫೋನಿನಲ್ಲಿ ವಿವರ ಕೇಳಿ ದುಡ್ಡು ದೋಚುವವರ ಭಯ ಸುಳ್ಳಲ್ಲ. ಆದರೆ ತಳಿ, ನಾಟಿಯ ದಿನ, ಗೊಬ್ಬರ ಇವುಗಳಿಂದ ಯಾರೂ ನಿಮ್ಮ ಖಾತೆ ಖಾಲಿ ಮಾಡಲಾರರು. ಬೆಳೆ ಸಲಹೆಗೆ ಒಟಿಪಿಯಾಗಲಿ ಬ್ಯಾಂಕ್ ಪಿನ್ ಆಗಲಿ ಬೇಕಿಲ್ಲ. ಅವನ್ನು ಕೇಳಿದರೆ ಮಾತು ಅಲ್ಲೇ ಮುಗಿಸಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ರೈತರಲ್ಲಿ ನನ್ನ ವಿನಂತಿ ಇಷ್ಟು. ಗದ್ದೆಯಲ್ಲಿ ನಿಂತಿರುವಾಗಲೇ ಮೂರು ಫೋಟೋ ತೆಗೆಯಿರಿ: ಇಡೀ ಗದ್ದೆಯದು, ಬುಡದ್ದು, ಎಲೆಯದು. ತಳಿ, ನಾಟಿಯಾದ ದಿನ, ಹಾಕಿದ ಗೊಬ್ಬರ, ಹೊಡೆದ ಎಣ್ಣೆ ಇವನ್ನು ನಿಮ್ಮ ಮಾತಿನಲ್ಲೇ ಧ್ವನಿ ಸಂದೇಶ ಮಾಡಿ ಜೊತೆಗೆ ಕಳಿಸಿ. ಉತ್ತರ ತಡವಾದರೆ ಒಂದು ಪೈರನ್ನು ಬೇರುಸಮೇತ ಕಿತ್ತು ರೈತ ಸಂಪರ್ಕ ಕೇಂದ್ರಕ್ಕೆ ಒಯ್ಯಿರಿ. 2004ರಿಂದ ನಡೆಯುತ್ತಿರುವ ಕಿಸಾನ್ ಕಾಲ್ ಸೆಂಟರ್‌ನ ಸಂಖ್ಯೆ 1800-180-1551. ಬೆಳಗಿನ 6ರಿಂದ ರಾತ್ರಿ 10ರವರೆಗೆ ಕನ್ನಡದಲ್ಲೇ ಮಾತಾಡಬಹುದು, ಕರೆಗೆ ದುಡ್ಡಿಲ್ಲ.