ನಿಮಗಿದು ಗೊತ್ತೇ? ಹೊಡೆತಕ್ಕೆ ತಕ್ಕ ಕೋಲು!

ಹೆಜಮಾಡಿಯ ಕಡಲ ತೀರದಲ್ಲಿ ಮೀನುಗಾರರನ್ನು ಕೇಳಿ ನೋಡಿ. ಬೂತಾಯಿ ಬಲೆಯ ಕಣ್ಣು ಕಿರಿದು, ಬಂಗುಡೆ ಬಲೆಯದ್ದು ಅದಕ್ಕಿಂತ ಅಗಲ. ಬಲೆ ತಪ್ಪಿದರೆ ಕಡಲ ತುಂಬ ಮೀನಿದ್ದರೂ ದೋಣಿ ಬರಿದು. ಗಾಲ್ಫ್‌ನ ಗುಟ್ಟೂ ಇದೇ: ತೋಳಿನ ಬಲ ಆಮೇಲೆ, ಮೊದಲು ಕೋಲಿನ ಆಯ್ಕೆ.

● ಗಾಲ್ಫ್ ಬೆಳೆದದ್ದು ಹೆಜಮಾಡಿ ಕೋಡಿಯಂಥ ನೆಲದಲ್ಲೇ! ಇಲ್ಲಿ ಶಾಂಭವಿ ನದಿಗೂ ಅರಬ್ಬಿ ಸಮುದ್ರಕ್ಕೂ ನಡುವೆ ಮರಳಿನ ಪಟ್ಟಿ ಇದೆ. ಸ್ಕಾಟ್ಲೆಂಡಿನಲ್ಲಿ ಕಡಲಿಗೂ ಹೊಲಕ್ಕೂ ನಡುವೆ ಇರುವ ಇಂಥ ಮರಳು ನೆಲಕ್ಕೆ ‘ಲಿಂಕ್ಸ್’ ಎನ್ನುತ್ತಾರೆ. ಉಳುಮೆಗೆ ಬಾರದ ಆ ಹುಲ್ಲುನೆಲವೇ ಗಾಲ್ಫ್‌ನ ತೊಟ್ಟಿಲು.

● ಬೆಂಗಳೂರು ಗಾಲ್ಫ್ ಕ್ಲಬ್ ಆರಂಭವಾದದ್ದು 1876ರಲ್ಲಿ. ಹೆಜಮಾಡಿಯವರು ಆಟ ನೋಡಲು ಅಷ್ಟು ದೂರ ಹೋಗಬೇಕಿಲ್ಲ. ಮಂಗಳೂರಿನ ಪಿಲಿಕುಳದಲ್ಲೇ ಗಾಲ್ಫ್ ಮೈದಾನವಿದೆ.

● ಒಬ್ಬ ಆಟಗಾರ ಒಯ್ಯಬಹುದಾದ ಕೋಲುಗಳು ಗರಿಷ್ಠ 14. ಅಮೆರಿಕದಲ್ಲಿ 1938ರಲ್ಲಿ, ಬ್ರಿಟನ್ನಿನಲ್ಲಿ 1939ರಲ್ಲಿ ಈ ಮಿತಿ ಬಂತು.

● 15ನೆಯ ಕೋಲು ಎಷ್ಟು ದುಬಾರಿ ಗೊತ್ತೇ? 2001ರ ಬ್ರಿಟಿಷ್ ಓಪನ್‌ನ ಕೊನೆಯ ದಿನ ಆಟಗಾರ ಇಯಾನ್ ವೂಸ್ನಮ್ ಮುಂಚೂಣಿಯಲ್ಲಿದ್ದರು. ಮೊದಲ ಹೋಲ್ ಮುಗಿಸಿ ಎರಡನೆಯದಕ್ಕೆ ಬಂದಾಗ ಬ್ಯಾಗಿನಲ್ಲಿ ಎರಡು ಡ್ರೈವರ್‌ಗಳು (ಅತಿ ದೂರ ಹೊಡೆಯುವ ಕೋಲುಗಳು) ಕಂಡವು, ಒಟ್ಟು 15 ಕೋಲು! ಎರಡು ಹೊಡೆತಗಳ ದಂಡ ಬಿತ್ತು, ಪ್ರಶಸ್ತಿಯೂ ಕೈತಪ್ಪಿತು.

● ಕೋಲಿನ ಸಂಖ್ಯೆ ಚಿಕ್ಕದಾದಷ್ಟೂ ಚೆಂಡು ದೂರ, ದೊಡ್ಡದಾದಷ್ಟೂ ಎತ್ತರ. ಡ್ರೈವರ್‌ನ ಮುಖ ಸುಮಾರು 10 ಡಿಗ್ರಿಯಷ್ಟೇ ಹಿಂದಕ್ಕೆ ಬಾಗಿರುತ್ತದೆ, 7ನೇ ಐರನ್‌ನದು (ಚಪ್ಪಟೆ ತಲೆಯ ಲೋಹದ ಕೋಲು) 30ಕ್ಕೂ ಹೆಚ್ಚು, ಸ್ಯಾಂಡ್ ವೆಜ್‌ನದು 56ರ ಆಸುಪಾಸು. ಐರನ್‌ಗಳಲ್ಲಿ ಒಂದು ಸಂಖ್ಯೆ ಬದಲಾದರೆ ಸುಮಾರು 10 ಗಜ ವ್ಯತ್ಯಾಸ.

● ‘ವುಡ್’ ಎಂದು ಕರೆಸಿಕೊಳ್ಳುವ ಕೋಲುಗಳ ತಲೆ ಇಂದು ಹೆಚ್ಚಾಗಿ ಲೋಹದ್ದು. ಮರ ಹೋಗಿ ಉಕ್ಕು, ಟೈಟಾನಿಯಂ ಬಂದವು. ಹೆಸರು ಮಾತ್ರ ಹಾಗೇ ಉಳಿಯಿತು.

● ಮರಳಿಗೆ ಬಿದ್ದ ಚೆಂಡನ್ನು ಹೊರತೆಗೆಯುವಾಗ ಕೋಲು ಚೆಂಡನ್ನು ಮುಟ್ಟುವುದೇ ಇಲ್ಲ! ಚೆಂಡಿನ ಒಂದೆರಡು ಅಂಗುಲ ಹಿಂದೆ ಮರಳಿಗೆ ಹೊಡೆಯುತ್ತಾರೆ. ಚಿಮ್ಮುವ ಮರಳೇ ಚೆಂಡನ್ನು ಹೊತ್ತು ತರುತ್ತದೆ. ಸ್ಯಾಂಡ್ ವೆಜ್‌ನ ಅಗಲವಾದ, ಉಬ್ಬಿದ ತಳ ಮರಳಲ್ಲಿ ಹೂತುಹೋಗದೆ ಜಾರುತ್ತದೆ. 1932ರಲ್ಲಿ ಜೀನ್ ಸರಾಜನ್ ಇಂಥ ಕೋಲನ್ನು ರೂಪಿಸಿ, ಅದೇ ವರ್ಷ ಬ್ರಿಟಿಷ್ ಓಪನ್ ಗೆದ್ದರು.

● ಹಾಗೆಂದು ಎಲ್ಲ ಮರಳೂ ಒಂದೇ ಅಲ್ಲ. ಹೆಜಮಾಡಿ ತೀರದಲ್ಲಿ ಬರಿಗಾಲಲ್ಲಿ ನಡೆದು ನೋಡಿ: ಒಣ ಮರಳಲ್ಲಿ ಹಿಮ್ಮಡಿ ಹೂತುಹೋಗುತ್ತದೆ, ಅಲೆ ತೋಯಿಸಿದಲ್ಲಿ ಹೆಜ್ಜೆ ಗಟ್ಟಿ ನಿಲ್ಲುತ್ತದೆ. ಒದ್ದೆ ಮರಳಲ್ಲಿ ಉಬ್ಬಿದ ತಳ ಪುಟಿದು, ಕೋಲು ಚೆಂಡಿಗೇ ತಾಗಬಹುದು. ಅಲ್ಲಿ ಚೂಪು ಅಂಚಿನ ಪಿಚಿಂಗ್ ವೆಜ್ ವಾಸಿ.

● ಕರಾವಳಿಯಲ್ಲಿ ಬೆಳಗ್ಗೆ ಸರಿಹೋದ ಕೋಲು ಸಂಜೆಗೆ ಸಾಲದು. ಮಧ್ಯಾಹ್ನದ ಮೇಲೆ ಕಡಲ ಗಾಳಿ ನೆಲದತ್ತ ಬೀಸುತ್ತದೆ. ಎದುರುಗಾಳಿಗೆ ಬಲವಾಗಿ ಬೀಸಿದರೆ ಚೆಂಡಿನ ಹಿಮ್ಮುಖ ತಿರುಗುವಿಕೆ ಹೆಚ್ಚಿ, ಅದು ಮೇಲಕ್ಕೇರಿ ಅಲ್ಲೇ ಬೀಳುತ್ತದೆ. 7ರ ಬದಲು 6 ಅಥವಾ 5ನೇ ಐರನ್ ಹಿಡಿದು ಮೆಲ್ಲಗೆ ಬೀಸುವುದೇ ಜಾಣತನ.

● ಹೆಜಮಾಡಿಯಲ್ಲಿ 150 ಗಜ ಹಾರುವ ಚೆಂಡು, ಅದೇ ಹೊಡೆತಕ್ಕೆ ಬೆಂಗಳೂರಿನಲ್ಲಿ ಕೆಲವು ಗಜ ಹೆಚ್ಚೇ ಹಾರೀತು! ಬೆಂಗಳೂರು 900 ಮೀಟರಿಗಿಂತ ಎತ್ತರದಲ್ಲಿದೆ. ಅಲ್ಲಿನ ಗಾಳಿ ತೆಳು.

● ತೇವದ ಗಾಳಿ ಭಾರ ಎಂಬುದು ತಪ್ಪು ನಂಬಿಕೆ. ನೀರಾವಿ ಒಣಗಾಳಿಗಿಂತ ಹಗುರ. ಆದರೆ ಚೆಂಡಿನ ದೂರದ ಮೇಲೆ ಇದರ ಪರಿಣಾಮ ತೀರಾ ಅಲ್ಪ.

● ಮಳೆಗಾಲದ ದಟ್ಟ ಹುಲ್ಲಲ್ಲಿ ಉದ್ದ ಕೋಲಿಗೆ ಆಸೆಪಡಬೇಡಿ. ಹುಲ್ಲು ಕೋಲಿನ ಕತ್ತಿಗೆ ಸುತ್ತಿಕೊಂಡು ಮುಖವನ್ನೇ ತಿರುಗಿಸುತ್ತದೆ. ವೆಜ್ ಹಿಡಿದು ಮೊದಲು ಹೊರಬನ್ನಿ.

● ಹೆಚ್ಚು ದುಡಿಯುವುದು ಡ್ರೈವರ್ ಅಲ್ಲ, ಚೆಂಡನ್ನು ಕುಳಿಗೆ ಉರುಳಿಸುವ ಪಟರ್! ಪಾರ್ (ನಿಗದಿತ ಹೊಡೆತಗಳ ಸಂಖ್ಯೆ) 72ರ ಲೆಕ್ಕದಲ್ಲಿ 36 ಹೊಡೆತಗಳು ಪಟರ್‌ಗೇ ಮೀಸಲು.

● ಬೆಂಗಳೂರಿನ ಅದಿತಿ ಅಶೋಕ್ ಇದಕ್ಕೆ ಸಾಕ್ಷಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಎದುರಾಳಿಗಳಷ್ಟು ದೂರ ಹೊಡೆಯಲಾಗದಿದ್ದರೂ, ಪಟರ್ ಬಲದಿಂದ 15 ಅಂಡರ್ ಪಾರ್ ತಲುಪಿ ನಾಲ್ಕನೆಯವರಾದರು. ಕಂಚಿಗೆ ಒಂದೇ ಒಂದು ಹೊಡೆತದ ಅಂತರ!

● ಚಂದ್ರನ ಮೇಲೂ ಬೀಸಿದ್ದು 6ನೇ ಐರನ್. 1971ರಲ್ಲಿ ಅಪೊಲೊ 14ರ ಅಲನ್ ಶೆಪರ್ಡ್, ಅದರ ತಲೆಯನ್ನು ಮಣ್ಣು ಸಂಗ್ರಹಿಸುವ ಸಲಕರಣೆಯ ಹಿಡಿಗೆ ಸಿಕ್ಕಿಸಿ ಒಂದೇ ಕೈಯಲ್ಲಿ ಹೊಡೆದರು.

● ಕೊನೆಯದಾಗಿ, ಕೋಲಿನ ಬ್ಯಾಗ್ ಹೊರುವ ಕ್ಯಾಡಿಗೆ ಗಾಳಿ, ನೆಲ, ದೂರ ಮೂರೂ ಗೊತ್ತಿರಬೇಕು. ಹಾಗೆ ಕ್ಯಾಡಿಯಾಗಿದ್ದ ಬೆಂಗಳೂರಿನ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಗಾಳಿ ನೋಡಿ ಬಲೆ ಬಿಡುವ ಮನೆಗಳ ನಮ್ಮ ಮಕ್ಕಳಿಗೆ ಈ ಪಾಠದ ಅರ್ಧ ಆಗಲೇ ಗೊತ್ತಿದೆ. ಅವರ ಕೈಗೊಂದು ಕೋಲು ಸಿಗಲಿ. ಮುನಿಯಪ್ಪನವರ ವಿಷಯದಲ್ಲಿ, ಕೋಲು ಎತ್ತಿಕೊಡುತ್ತಿದ್ದ ಕೈಯೇ ಕಪ್ ಎತ್ತಿತಲ್ಲವೇ?