ಮೂಲವನ್ನು ಅರಸಿದ ನ್ಯಾಯಶಾಸ್ತ್ರಿ ಕ್ಯುಜಾಸ್

ಪ್ರಾಚೀನ ಗ್ರಂಥವೊಂದನ್ನು ಪಾಠ ಹೇಳುವಾಗ ನಾವು ಬೋಧಿಸುವುದು ಮೂಲವನ್ನೋ, ಅದರ ಮೇಲೆ ಬೆಳೆದ ವ್ಯಾಖ್ಯಾನಗಳನ್ನೋ? ಅಧ್ಯಾಪಕರನ್ನು ಕಾಡುವ ಈ ಪ್ರಶ್ನೆಗೆ ತನ್ನ ಬಾಳಿನಿಂದಲೇ ಉತ್ತರವಿತ್ತವನು ಫ್ರಾನ್ಸಿನ ನ್ಯಾಯಶಾಸ್ತ್ರಜ್ಞ ಝಾಕ್ ಕ್ಯುಜಾಸ್.

ಈತನು 1522ರಲ್ಲಿ ತುಲೂಸ್ ನಗರದಲ್ಲಿ, ಬಟ್ಟೆ ಹದಮಾಡುವ ಕಸಬುದಾರನ ಮಗನಾಗಿ ಹುಟ್ಟಿದನು. ಲ್ಯಾಟಿನ್, ಗ್ರೀಕ್ ಭಾಷೆಗಳನ್ನು ಬಹುಮಟ್ಟಿಗೆ ಸ್ವಪ್ರಯತ್ನದಿಂದಲೇ ಕಲಿತನೆನ್ನುತ್ತಾರೆ. 1547ರಲ್ಲಿ ಅಲ್ಲಿಯೇ ಪಾಠ ಹೇಳತೊಡಗಿದರೂ ಹುಟ್ಟೂರಿನಲ್ಲಿ ಪ್ರಾಧ್ಯಾಪಕ ಪೀಠ ದೊರೆಯಲಿಲ್ಲ. 1554ರಲ್ಲಿ ಊರು ಬಿಟ್ಟವನು ಕಾಓರ್, ಬೂರ್ಜ್, ವಲಾನ್ಸ್, ಟ್ಯೂರಿನ್‌ಗಳಲ್ಲಿ ಬೋಧಿಸಿದನು. ಹೋದೆಡೆಗೆಲ್ಲ ಶಿಷ್ಯರು ಹಿಂಬಾಲಿಸಿದರು. ಮಹಾವಿದ್ವಾಂಸ ಸ್ಕಾಲಿಜರ್, ಇತಿಹಾಸಕಾರ ದ ತೂ ಅವರಲ್ಲಿ ಸೇರಿದವರು.

ಆತನ ಸಾಧನೆಯನ್ನರಿಯಲು ರೋಮನ್ ನ್ಯಾಯದ ಸ್ಥಿತಿಯನ್ನು ತುಸು ತಿಳಿಯಬೇಕು. ಚಕ್ರವರ್ತಿ ಜಸ್ಟಿನಿಯನ್ ಕ್ರಿ.ಶ. 533ರಲ್ಲಿ ‘ಡೈಜೆಸ್ಟ್’ ಎಂಬ 50 ಭಾಗಗಳ ಸಂಗ್ರಹವನ್ನು ಹೊರಡಿಸಿದನು. ಹಳೆಯ ನ್ಯಾಯಶಾಸ್ತ್ರಿಗಳ ಗ್ರಂಥಗಳಿಂದ ಆಯ್ದ ತುಣುಕುಗಳನ್ನು ಅಲ್ಲಿ ವಿಷಯಾನುಸಾರವಾಗಿ ಜೋಡಿಸಲಾಗಿತ್ತು. ಮಧ್ಯಯುಗದ ಇಟಲಿಯ ಪಂಡಿತರು ಅದರ ಮೇಲೆ ಟೀಕೆಗೆ ಟೀಕೆ ಹೆಣೆದು, ತಮ್ಮ ಕಾಲದ ವ್ಯಾಜ್ಯಗಳಿಗೆ ಹೊಂದಿಸಿಕೊಂಡರು. ಮೂಲವು ಟೀಕೆಯಡಿಯಲ್ಲಿ ಹೂತುಹೋಯಿತು.

ಆದರೆ ಪ್ರತಿಯೊಂದು ತುಣುಕಿನ ತಲೆಯಲ್ಲಿಯೂ ಕರ್ತೃವಿನ ಹೆಸರೂ ಗ್ರಂಥದ ಹೆಸರೂ ಇದ್ದವು. ಕ್ಯುಜಾಸ್ ಇದನ್ನೇ ಸುಳಿವಾಗಿ ಹಿಡಿದನು. ಕ್ರಿ.ಶ. 212ರಲ್ಲಿ ಕೊಲೆಯಾದ ಪಾಪಿನಿಯನ್ನನ ಚದುರಿದ ಮಾತುಗಳನ್ನು ಒಂದೆಡೆ ತಂದು, ಆತನ ಗ್ರಂಥಗಳ ಕ್ರಮದಲ್ಲಿಯೇ ವಿವರಿಸಿದನು. ಹಸ್ತಪ್ರತಿಗಳನ್ನು ಹೋಲಿಸಿ ಪಾಠಗಳನ್ನು ತಿದ್ದಿದನು. ಆಗ ಯಾವ ಮಾತು ಪಾಪಿನಿಯನ್ನನದು, ಯಾವುದು ಜಸ್ಟಿನಿಯನ್ನನ ಸಂಗ್ರಾಹಕರು ಸೇರಿಸಿದ್ದು ಎಂಬ ವಿವೇಚನೆಗೆ ದಾರಿಯಾಯಿತು.

ಇಂಥ ಶೋಧನೆಯಿಂದ ನ್ಯಾಯಾಲಯಕ್ಕೇನು ಪ್ರಯೋಜನವೆಂಬ ಆಕ್ಷೇಪಣೆ ಇಲ್ಲದಿಲ್ಲ. ರೋಮಿನ ನ್ಯಾಯ ಫ್ರಾನ್ಸಿಗೆ ಬಹಳಷ್ಟು ಒಗ್ಗದೆಂದು ಸಮಕಾಲೀನ ಪಂಡಿತ ಒಟ್ಮಾನ್ ವಾದಿಸಿದನು. ಆ ವಾದದಲ್ಲಿಯೂ ಹುರುಳಿದೆ. ಆದರೆ ಒಂದು ಮಾತು ಯಾವ ಕಾಲದ್ದೆಂದು ತಿಳಿಯದೆ ಅದು ನಮಗೆ ಒಗ್ಗುವುದೋ ಇಲ್ಲವೋ ಎಂದು ನಿರ್ಣಯಿಸುವುದೆಂತು?

ಧಾರ್ಮಿಕ ಅಂತಃಕಲಹ ದೇಶವನ್ನು ಸೀಳುತ್ತಿದ್ದ ಆ ದಿನಗಳಲ್ಲಿ, ಮತವಿವಾದದ ಪ್ರಶ್ನೆ ಬಂದಾಗ ಅದು ತನ್ನ ಪಾಠಕ್ಕೆ ಸಂಬಂಧಿಸಿದ್ದಲ್ಲವೆಂದು ಆತನು ಜಾರಿಕೊಳ್ಳುತ್ತಿದ್ದನಂತೆ. ಇದನ್ನು ಅಳುಕೆನ್ನುವವರೂ ಇರಬಹುದು. ಆದರೆ ಅವನ ತರಗತಿಯಲ್ಲಿ ಎರಡೂ ಪಕ್ಷದ ಮಕ್ಕಳು ಕುಳಿತು ಕಲಿತರೆಂಬುದನ್ನು ನಾವು ಮರೆಯಬಾರದು.

1590ರಲ್ಲಿ ಬೂರ್ಜ್‌ನಲ್ಲಿ ತೀರಿಕೊಂಡ ಈತನು ತನ್ನ ಪುಸ್ತಕಗಳನ್ನು ಒಬ್ಬನಿಗೇ ಮಾರದೆ ಬಿಡಿಬಿಡಿಯಾಗಿ ಮಾರಬೇಕೆಂದು ಮರಣಶಾಸನದಲ್ಲಿ ಬರೆದಿಟ್ಟನು. ಅಂಚಿನ ಟಿಪ್ಪಣಿಗಳನ್ನು ಯಾರಾದರೂ ಕಲೆಹಾಕಿ ಅಪಾರ್ಥ ಮಾಡಿಯಾರೆಂಬ ಭಯ ಅವನಿಗಿತ್ತೆನ್ನುತ್ತಾರೆ. ಚದುರಿದ್ದನ್ನು ಕೂಡಿಸುವುದರಲ್ಲಿ ಬಾಳು ಸವೆಸಿದವನು ತನ್ನದನ್ನು ಚದುರಿಸಿ ಹೋದನು. ಸಂದರ್ಭ ತಪ್ಪಿದ ಮಾತು ಎಷ್ಟು ದಾರಿ ತಪ್ಪಿಸಬಲ್ಲದೆಂಬುದನ್ನು ಅವನಿಗಿಂತ ಚೆನ್ನಾಗಿ ಬಲ್ಲವರಾರು?