ಗೊಂಬೆ ಹಬ್ಬದ ಕೆಳಗಿನ ಮೆಟ್ಟಿಲು

ಮಹಾಲಯ ಅಮಾವಾಸ್ಯೆ ಬಂತೆಂದರೆ ಹಳೆ ಮೈಸೂರು ಸೀಮೆಯ ಮನೆಗಳಲ್ಲಿ ಅಟ್ಟದ ಮೇಲಿನ ಟ್ರಂಕುಗಳು ಕೆಳಗಿಳಿಯುತ್ತವೆ. ಹಳೆಯ ಪಂಚೆ, ಸೀರೆಯ ಚೂರುಗಳಲ್ಲಿ ಸುತ್ತಿಟ್ಟ ಗೊಂಬೆಗಳು ಒಂದೊಂದಾಗಿ ಹೊರಬರುತ್ತವೆ. ಮೇಜು, ಮಣೆ, ಡಬ್ಬಗಳನ್ನು ಜೋಡಿಸಿ, ಮೇಲೆ ಬಿಳಿ ಬಟ್ಟೆ ಹಾಸಿ ಮೂರೋ ಐದೋ ಏಳೋ ಮೆಟ್ಟಿಲು ಕಟ್ಟುತ್ತಾರೆ. ಮೆಟ್ಟಿಲು ಬೆಸ ಸಂಖ್ಯೆಯಲ್ಲಿರಬೇಕೆಂಬುದು ರೂಢಿ. ಎಲ್ಲಕ್ಕಿಂತ ಮೇಲೆ ಕಳಶದೊಡನೆ ಪಟ್ಟದ ಗೊಂಬೆಗಳು. ಬಹುಮಟ್ಟಿಗೆ ರಕ್ತಚಂದನದಲ್ಲಿ ಕಡೆದ ಈ ರಾಜ ರಾಣಿಯರ ಜೋಡಿ, ಮದುವೆಯಲ್ಲಿ ತವರಿನಿಂದ ಮಗಳ ಜೊತೆ ಬರುವಂಥದು.

ನೋಡಲು ಬಂದವರ ಕಣ್ಣು ಮೇಲಕ್ಕೆ ಹೋಗುತ್ತದೆ. ಆದರೆ ಈ ಹಬ್ಬದಲ್ಲಿ ಮಕ್ಕಳ ಪಾಲು ಇರುತ್ತಿದ್ದುದು ನೆಲಕ್ಕೆ ತಾಗಿದ ಕೊನೆಯ ಮೆಟ್ಟಿಲಿನಲ್ಲಿ ಮತ್ತು ಅದರ ಮುಂದಿನ ‘ಪಾರ್ಕಿ’ನಲ್ಲಿ. ತಟ್ಟೆಯ ಮರಳಿನಲ್ಲಿ ರಾಗಿ, ಸಾಸಿವೆ ಚೆಲ್ಲಿ ಬೆಳೆಸಿದ ಹೊಲ, ಹಳೆ ಕನ್ನಡಿಯ ಕೆರೆ, ಬೆಂಕಿಪೊಟ್ಟಣದ ರೈಲು, ಕರಟದ ಆಮೆ. ಉರಿದುಹೋದ ಬಲ್ಬಿಗೆ ಕಣ್ಣು ಮೂಗು ಬರೆದು ಟೋಪಿ ಹಾಕಿದರೆ ಪೊಲೀಸಿನವ. ಮಾವಿನ ಓಟೆಯನ್ನು ತೊಳೆದು ಒಣಗಿಸಿ, ನಾರನ್ನು ಬಾಚಿಟ್ಟರೆ ಗಡ್ಡದ ಋಷಿ. ಅಂದರೆ ತಯಾರಿ ಬೇಸಿಗೆ ರಜದಲ್ಲೇ ಆರಂಭವಾಗುತ್ತಿತ್ತು. ಕಾಸು ಕೊಟ್ಟು ತಂದದ್ದು ಅಲ್ಲಿ ಬಹುತೇಕ ಏನೂ ಇರುತ್ತಿರಲಿಲ್ಲ.

ಈಚೆಗೆ ನವರಾತ್ರಿಯಲ್ಲಿ ಕೆಲವು ಮನೆಗಳಿಗೆ ಹೋಗಿದ್ದಾಗ ಮೆಟ್ಟಿಲುಗಳು ಹೆಚ್ಚಾಗಿದ್ದುದು ಕಂಡಿತು. ಮದುವೆಯ ದಿಬ್ಬಣ, ಸಂತೆ, ಕ್ರಿಕೆಟ್ ಮೈದಾನ, ಎಲ್ಲವೂ ಸೆಟ್ಟುಗಳಲ್ಲಿ ಕೊಂಡು ತಂದವು. ಒಂದು ಮನೆಯಲ್ಲಂತೂ ಮುಂದೆ ಹಗ್ಗ ಕಟ್ಟಿ ‘ಮುಟ್ಟಬೇಡಿ’ ಎಂದು ಚೀಟಿ ಅಂಟಿಸಿದ್ದರು. ಹಗ್ಗದ ಈಚೆ ಆರೇಳು ವರ್ಷದ ಹುಡುಗಿ ಚಕ್ಕುಲಿ ತಿನ್ನುತ್ತ ನಿಂತಿದ್ದಳು. “ಇದರಲ್ಲಿ ನೀನು ಮಾಡಿದ್ದು ಯಾವುದಮ್ಮ?” ಎಂದು ಕೇಳಿದೆ. “ನಾನು ಮುಟ್ಟೋ ಹಾಗಿಲ್ಲ, ಅಜ್ಜಿ ಬೈತಾರೆ” ಎಂದಳು. ಅಜ್ಜಿಯದೂ ತಪ್ಪೆನ್ನಲಾಗದು, ಒಂದೊಂದು ಸೆಟ್ಟಿಗೆ ಸಾವಿರಗಟ್ಟಲೆ ಸುರಿದ ಮೇಲೆ ಮಕ್ಕಳ ಕೈಗೆ ಕೊಡಲು ಯಾರಿಗೆ ಧೈರ್ಯ ಬಂದೀತು?

ಹಾಗೆ ನೋಡಿದರೆ ಗೊಂಬೆ ಮಾಡುವ ವಿದ್ಯೆ ನಮ್ಮ ಅಡುಗೆಮನೆಗಳಲ್ಲೇ ಇತ್ತು. ಬಿದಿರಿನ ಮೊರ, ಬುಟ್ಟಿ ಹಳತಾಗಿ ಸಂದು ಬಿಟ್ಟಾಗ ಹಿಂದಿನವರು ಅದನ್ನು ಎಸೆಯುತ್ತಿರಲಿಲ್ಲ. ರದ್ದಿ ಕಾಗದ ಮತ್ತು ಮೆಂತ್ಯವನ್ನು ನೆನೆಸಿ, ರುಬ್ಬಿ, ಅದನ್ನು ಮೊರಕ್ಕೆ ಬಳಿದು ಒಣಗಿಸುತ್ತಿದ್ದರು. ಅದೇ ಹಿಟ್ಟು ಗೊಂಬೆಗೂ ಆಗುತ್ತದೆ. ನಿಮ್ಮ ಕೈಯಲ್ಲಿರುವ ಈ ಪತ್ರಿಕೆಯೇ ಸಾಕು, ಓದಿ ಮುಗಿದ ಮೇಲೆ.

ಕಾಗದವನ್ನು ಕತ್ತರಿಸಬಾರದು, ಹರಿಯಬೇಕು. ಕತ್ತರಿ ಎಳೆಗಳನ್ನು ತುಂಡು ಮಾಡುತ್ತದೆ. ಹರಿದರೆ ಎಳೆಗಳು ಉದ್ದವಾಗಿ ಉಳಿದು, ಒಣಗುವಾಗ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಗೊಂಬೆಯ ಗಟ್ಟಿತನವೆಲ್ಲ ಇದರಲ್ಲೇ ಇದೆ. ಹರಿಯುವ ಕೆಲಸಕ್ಕೆ ಮಕ್ಕಳಿಗಿಂತ ಉತ್ಸಾಹಿಗಳು ಸಿಗಲಾರರು. ಚೂರುಗಳನ್ನು ಎರಡು ಮೂರು ದಿನ ನೀರಿನಲ್ಲಿ ನೆನೆಹಾಕಿ, ದಿನಕ್ಕೊಮ್ಮೆ ನೀರು ಬದಲಿಸಿ. ಹತ್ತು ಹಾಳೆಗೆ ಒಂದು ಹಿಡಿ ಮೆಂತ್ಯವನ್ನು ಬೇರೆಯಾಗಿ ರಾತ್ರಿ ನೆನೆಸಿ ರುಬ್ಬಿಕೊಳ್ಳಿ. ಮೆಂತ್ಯದ ಲೋಳೆಯೇ ಅಂಟು. ಅದರ ಕಹಿಗೆ ಹುಳು ಹತ್ತಿರ ಬಾರದೆಂದು ಹಿರಿಯರು ನಂಬಿದ್ದರು. ಕಾಗದವನ್ನು ಕುಟ್ಟಿ, ನೀರು ಹಿಂಡಿ, ಎರಡನ್ನೂ ಚಪಾತಿ ಹಿಟ್ಟಿನ ಹದಕ್ಕೆ ನಾದಬೇಕು.

ಇಡೀ ಗೊಂಬೆಯನ್ನು ಹಿಟ್ಟಿನಿಂದಲೇ ಮಾಡಹೊರಟರೆ ಒಳಗೆ ಹಸಿಯುಳಿದು ಬೂಷ್ಟು ಹಿಡಿಯುತ್ತದೆ. ಮೊದಲು ಒಳಗೊಂದು ಗೂಡು ಬೇಕು: ಮೈಗೆ ಖಾಲಿ ಡಬ್ಬಿ, ಕೈಕಾಲಿಗೆ ಹಂಚಿಕಡ್ಡಿ, ತಲೆಗೆ ಬಿಗಿಯಾಗಿ ಸುತ್ತಿದ ಕಾಗದದ ಉಂಡೆ. ತಂತಿ ಉರಿಯುವ ಹಳೆಯ ಬಲ್ಬು ಈಗ ಅಪರೂಪ. ಎಲ್‌ಇಡಿ ಬಲ್ಬಿನ ಪ್ಲಾಸ್ಟಿಕ್ ಬುರುಡೆ ಸುಲಭವಾಗಿ ಒಡೆಯದ ಕಾರಣ ತಲೆಗೆ ಇನ್ನೂ ಅನುಕೂಲ. ಆದರೆ ಸಿಎಫ್‌ಎಲ್ ಬಲ್ಬು, ಟ್ಯೂಬ್‌ಲೈಟ್‌ಗಳನ್ನು ಮಕ್ಕಳ ಕೈಗೆ ಕೊಡಲೇಬಾರದು, ಅವುಗಳಲ್ಲಿ ಪಾದರಸವಿರುತ್ತದೆ. ಗೂಡಿನ ಮೇಲೆ ಹಿಟ್ಟನ್ನು ತೆಳ್ಳಗೆ ಬಳಿದು, ನೆರಳಿನಲ್ಲಿ ಒಣಗಿಸಿ, ಆಮೇಲೆ ಎರಡನೆಯ ಪದರ ಬಳಿಯಬೇಕು. ಅವಸರದಿಂದ ಬಿಸಿಲಿಗಿಟ್ಟರೆ ಹೊರಮೈ ಬೇಗ ಒಣಗಿ ಕುಗ್ಗಿ ಬಿರುಕು ಬಿಡುತ್ತದೆ.

ಇದನ್ನು ಬರಿಯ ಮಕ್ಕಳಾಟವೆಂದು ತಳ್ಳಿಹಾಕುವವರು ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಳನ್ನು ನೋಡಬೇಕು. ಬಣ್ಣದ ಹೊಳಪಿನಡಿ ಏನಿದೆ ಎಂದು ಹುಡುಕಿದರೆ ಸಿಗುವುದು ಚಿಂದಿ! ಅಲ್ಲಿನ ಚಿತ್ರಗಾರರು ಹಗುರವಾದ ಮರದಲ್ಲಿ ಅಂಗಾಂಗಗಳನ್ನು ಬೇರೆ ಬೇರೆಯಾಗಿ ಕೆತ್ತುತ್ತಾರೆ. ಹಳೆಯ ಗೋಣಿತಾಟನ್ನು ನೆನೆಸಿ, ಚೂರು ಮಾಡಿ, ಒಣಗಿಸಿ, ಪುಡಿಮಾಡಿ, ಹುಣಸೆಬೀಜದ ಅಂಟಿನೊಡನೆ ಕಲಸಿದ ‘ಕಿಟ್ಟ’ದಿಂದ ಅವನ್ನು ಜೋಡಿಸುತ್ತಾರೆ. ಮೇಲೆ ಹತ್ತಿಬಟ್ಟೆಯ ಚೂರುಗಳನ್ನು ಅದೇ ಅಂಟಿನಿಂದ ಮೆತ್ತಿ, ಅದರ ಮೇಲೆ ಕಲ್ಲಿನ ಪುಡಿಯ ಲೇಪ ಕೊಟ್ಟು, ಆಮೇಲಷ್ಟೇ ಬಣ್ಣ. ಬಟ್ಟೆಯ ಪದರ ಮರದ ಬಿರುಕನ್ನು ಮುಚ್ಚುತ್ತದೆ, ಲೇಪವನ್ನು ಹಿಡಿದಿಡುತ್ತದೆ. ಹುಣಸೆಬೀಜದ ಅಂಟು ಹತ್ತಿ, ಕಾಗದ, ಮರಗಳಿಗೆಲ್ಲ ಚೆನ್ನಾಗಿ ಹಿಡಿಯುತ್ತದೆ. ಕಂಬಳಿ ನೇಯುವವರು ಗಂಜಿ ಹಾಕುವುದೂ ಅದರಿಂದಲೇ.

ಮನೆಯ ಗೊಂಬೆಗೂ ಇದೇ ಕ್ರಮ ಅನುಸರಿಸಬಹುದು. ಹುರಿದು ಸಿಪ್ಪೆ ತೆಗೆದ ಹುಣಸೆಬೀಜವನ್ನು ನೆನೆಸಿ, ರುಬ್ಬಿ, ಕುದಿಸಿದರೆ ಅಂಟು ಸಿದ್ಧ. ಅಷ್ಟು ತಾಳ್ಮೆ ಇಲ್ಲದವರಿಗೆ ಮೈದಾ ಗಂಜಿ ಇದ್ದೇ ಇದೆ. ಮೈದಾಕ್ಕೆ ಮೈಲುತುತ್ತ ಹಾಕುವ ಹಳೆಯ ಪದ್ಧತಿಯನ್ನು ಮಾತ್ರ ಬಿಡಿ, ಅದು ವಿಷ. ಉಡಿಗೆಗೆ ಸವೆದ ರೇಷ್ಮೆ ಸೀರೆಯ ಅಂಚಿಗಿಂತ ಮಿಗಿಲಾದದ್ದಿಲ್ಲ. ಪಟ್ಟದ ಗೊಂಬೆಗಳಿಗೂ ಇಂಥ ಚೂರುಗಳಲ್ಲೇ ಸೀರೆ, ಪಂಚೆ ಉಡಿಸುವುದು ಅನೇಕ ಮನೆಗಳ ವಾಡಿಕೆ. ಹಿನ್ನೆಲೆಗೆ ರಟ್ಟಿನ ಪೆಟ್ಟಿಗೆ ಸಾಕು. ಥರ್ಮೋಕೋಲ್ ಗೋಪುರ ತರುವ ಮುನ್ನ ಒಂದು ಮಾತು: 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧವಾದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಅಲಂಕಾರದ ಥರ್ಮೋಕೋಲೂ ಸೇರಿದೆ.

ಇನ್ನು ದೊಡ್ಡವರಿಗೆ ಕಷ್ಟವೆನಿಸುವ ಸಂಗತಿ. ಮಗು ಮಾಡಿದ ರಾಣಿಯ ಮೂಗು ಸೊಟ್ಟಗಿರುತ್ತದೆ, ಆನೆಗೆ ಸೊಂಡಿಲು ಗಿಡ್ಡವಾಗಿರುತ್ತದೆ. ರಾತ್ರಿ ಮಗು ಮಲಗಿದ ಮೇಲೆ ಅದನ್ನು ‘ಸರಿ’ ಮಾಡಿಡುವ ಚಪಲ ಅನೇಕ ತಂದೆತಾಯಿಗಳಿಗೆ. ಬೆಳಗ್ಗೆ ಎದ್ದ ಮಗು ತನ್ನ ಗೊಂಬೆಯನ್ನು ಗುರುತಿಸಲಾರದೆ ಹೋದರೆ, ಹಗ್ಗ ಕಟ್ಟಿ ಚೀಟಿ ಅಂಟಿಸಿದ್ದಕ್ಕೂ ಇದಕ್ಕೂ ವ್ಯತ್ಯಾಸವೇನು?

ನೆನೆಯಲು ಮೂರು ದಿನ, ಪದರ ಪದರವಾಗಿ ಒಣಗಲು ಹತ್ತು ದಿನ, ಬಣ್ಣ ಮತ್ತು ಬಟ್ಟೆಗೆ ನಾಲ್ಕಾರು ದಿನ. ಆ ವೇಳೆಗೆ ಮಳೆಯೂ ಇರುತ್ತದಾದ್ದರಿಂದ ಗೌರಿ ಹಬ್ಬದ ಹೊತ್ತಿಗೆ ಕಾಗದ ನೆನೆಹಾಕಿದರೆ ಪಾಡ್ಯದ ದಿನ ಕೆಳಗಿನ ಮೆಟ್ಟಿಲು ತುಂಬುತ್ತದೆ. ಮಾವಿನ ಓಟೆಯ ಋಷಿ ಬೇಕೆನ್ನುವವರು ಮಾತ್ರ ಮುಂದಿನ ಬೇಸಿಗೆಯವರೆಗೆ ಕಾಯಬೇಕು.